33ನೇ ವಯಸ್ಸಲ್ಲಿ ಬಿಇ: ಸಂಜೆ ಮೆಕ್ಯಾನಿಕಲ್ಲಾ, ಕೆಲಸ ಬಿಟ್ಟು ಸಿಎಸ್ಸಾ, ಆನ್‌ಲೈನ್ ಬಿಎಸ್ಸಾ?

ಸೆಕೆಂಡ್ ಶಿಫ್ಟ್
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ, 2012ರ ಬ್ಯಾಚ್, 61 ಪರ್ಸೆಂಟ್. ವಯಸ್ಸು 33. ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಯಂತ್ರ) ಪ್ರೋಗ್ರಾಮಿಂಗ್, ಫಿಕ್ಸ್ಚರ್ (ಯಂತ್ರದಲ್ಲಿ ಬಿಡಿಭಾಗ ಹಿಡಿದಿಡೋ ಸಾಧನ) ಡಿಸೈನ್ ಕೆಲಸ. ಮೂರು ವಾರಕ್ಕೊಂದು ವಾರ ಸೆಕೆಂಡ್ ಶಿಫ್ಟ್, ಅಂದ್ರೆ ಮಧ್ಯಾಹ್ನದಿಂದ ರಾತ್ರಿವರೆಗೆ. ಡಿಗ್ರಿ ಇಲ್ಲದೆ ಈಗಿರೋ ಗ್ರೇಡ್‌ಗಿಂತ ಮೇಲೆ ಹೋಗಲ್ಲ ಅಂತ ಎಚ್‌ಆರ್ ಕಡೆಯಿಂದ ಸ್ಪಷ್ಟವಾಗಿದೆ.

ತಲೇಲಿ ಮೂರು ದಾರಿ ಇದೆ. ಒಂದು, ಸಂಜೆ ಕಾಲೇಜಲ್ಲಿ ಮೆಕ್ಯಾನಿಕಲ್ ಬಿಇ. ಎರಡು, ಕೆಲಸ ಬಿಟ್ಟು ಹಗಲು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್. ಮೂರು, ಮದ್ರಾಸ್ ಐಐಟಿಯ ಆನ್‌ಲೈನ್ ಬಿಎಸ್ (ವಿಜ್ಞಾನ ಪದವಿ). ಯಾವುದಕ್ಕೆ ಕೈ ಹಾಕಲಿ? "ಈ ವಯಸ್ಸಲ್ಲಿ ಯಾಕೆ" ಅನ್ನೋರು ದಯವಿಟ್ಟು ಮುಂದಿನ ಚರ್ಚೆಗೆ ಹೋಗಿ.

ಲೇತ್ ಮಾಸ್ಟರ್
ಬ್ರ್ಯಾಂಚ್ ಆಮೇಲೆ ನೋಡೋಣ. ಮೊದಲು ಯಾವ ಬಾಗಿಲು ತೆಗೀಬೇಕು ಅದನ್ನ ಹೇಳಿ. ಕಂಪನಿ ಒಳಗಿನ ಬಡ್ತಿಗೆ ಡಿಗ್ರಿ ಬೇಕಿದ್ರೆ ಯುಜಿಸಿ ಮಾನ್ಯತೆ ಇರೋ ವಿಶ್ವವಿದ್ಯಾಲಯದ ಬಿಇ ಸಾಕಾಗಬಹುದು, ಬ್ರ್ಯಾಂಚ್ ನಿಮ್ಮ ಕೆಲಸಕ್ಕೆ ಹತ್ತಿರ ಇದ್ರೆ ಆಯ್ತು. ಸರ್ಕಾರಿ ಹುದ್ದೆಗಾದ್ರೆ ಅಧಿಸೂಚನೆಯ "ವಿದ್ಯಾರ್ಹತೆ" ಸಾಲಲ್ಲಿ ಏನಿದೆಯೋ ಅದೇ ಬೇಕು, ಅಕ್ಷರ ಆಚೀಚೆ ಆದ್ರೂ ಅರ್ಜಿ ಬೀಳುತ್ತೆ. ವಿದೇಶಕ್ಕಾದ್ರೆ ಆಟವೇ ಬೇರೆ. ಮೂರಕ್ಕೂ ಒಂದೇ ಕಾಗದ ಕೆಲಸ ಮಾಡುತ್ತೆ ಅಂದ್ಕೊಂಡು ಸೇರೋರು ಜಾಸ್ತಿ, ಅಲ್ಲೇ ಎಡವಟ್ಟು.

ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ: "ಸಂಜೆ ಅಥವಾ ವರ್ಕಿಂಗ್ ಪ್ರೊಫೆಷನಲ್ ಯೋಜನೆಯಲ್ಲಿ ಪಡೆದ ಬಿಇ ಬಡ್ತಿಗೆ ಒಪ್ಪುತ್ತೀರಾ? ಬಿಎಸ್ ಒಪ್ಪುತ್ತೀರಾ?" ಉತ್ತರ ಬರಹದಲ್ಲೇ ತಗೊಳ್ಳಿ. ಬಾಯಲ್ಲಿ ಹೂಂ ಅಂದ ಎಚ್‌ಆರ್ ಮೂರು ವರ್ಷ ಆದ್ಮೇಲೆ ಅದೇ ಕುರ್ಚೀಲಿ ಇರಲ್ಲ.

ಹುಬ್ಬಳ್ಳಿ ಹೈದ
ಡಿಪ್ಲೊಮಾದವರ ಸಿಇಟಿ ಐತಲ್ರಿ, ಡಿಸಿಇಟಿ, ಅದನ್ನ ಬರೀರಿ, ಬಿಇಗೆ ನೇರ ಮೂರನೇ ಸೆಮಿಸ್ಟರ್. ಇದರಾಗ ಏನ್ ವಿಚಾರ ಮಾಡೋದೈತ್ರಿ?

ಕೌನ್ಸೆಲಿಂಗ್ ಕಟ್ಟೆ
ವಿಚಾರ ಮಾಡೋದು ಇದೆ ಸ್ವಾಮಿ. 2012ರ ಬ್ಯಾಚ್ ಅಂದ್ರೆ ಇವರದು ಸಿ-09 (2009ರ) ಸಿಲಬಸ್. ಡಿಸಿಇಟಿ ಈಗ ನಡೆಯೋದು ಸಿ-20 (2020ರ) ಪಠ್ಯದ ಮೇಲೆ. ಹೊಸ ಮಾದರಿಯಲ್ಲಿ 100 ಪ್ರಶ್ನೆ, ಐದು ವಿಷಯ, ಒಂದೊಂದಕ್ಕೆ 20: ಇಂಜಿನಿಯರಿಂಗ್ ಗಣಿತ, ಸ್ಟಾಟಿಸ್ಟಿಕ್ಸ್ ಅಂಡ್ ಅನಲಿಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಇದರಲ್ಲಿ ಸ್ಟಾಟಿಸ್ಟಿಕ್ಸ್, ಐಟಿ ಸ್ಕಿಲ್ಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಈ ಹೆಸರಲ್ಲಿ ಹಳೇ ಬ್ಯಾಚಿನವರಿಗೆ ಇರಲೇ ಇಲ್ಲ. ಹಳೇ ನೋಟ್ಸ್ ತೆಗೆದು ಥರ್ಮಲ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದ್ಕೊಂಡು ಹೋದ್ರೆ ಹಾಲ್‌ನಲ್ಲಿ ಕಣ್ ಕಣ್ ಬಿಡಬೇಕಾಗುತ್ತೆ. ಸಮಾಧಾನ ಅಂದ್ರೆ ಅವು ಮೂರೂ ಸುಲಭದವು. ಪಾಲಿಟೆಕ್ನಿಕ್ ಓದ್ತಿರೋ ಹುಡುಗರ ಹತ್ರ ಮೊದಲ ವರ್ಷದ ಪುಸ್ತಕ ತಗೊಂಡ್ರೆ ಆರು ವಾರದ ಕೆಲಸ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಅರ್ಹತೆಗೆ ಡಿಪ್ಲೊಮಾದಲ್ಲಿ 45 ಪರ್ಸೆಂಟ್, ಮೀಸಲಾತಿ ವರ್ಗಕ್ಕೆ 40. ಇವರಿಗೆ ತೊಂದರೆ ಇಲ್ಲ. ವಯಸ್ಸಿನ ಮಿತಿ ಇಲ್ಲ. ಯಾವ ಡಿಪ್ಲೊಮಾದಿಂದ ಯಾವ ಬಿಇಗೆ ಹೋಗಬಹುದು ಅನ್ನೋ ಪಟ್ಟಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪುಸ್ತಿಕೆಯಲ್ಲಿ ಇರುತ್ತೆ, ಅರ್ಜಿ ಹಾಕೋ ವರ್ಷದ್ದನ್ನೇ ನೋಡಿ.

ನಿಜವಾಗಿ ಜನ ಒದ್ದಾಡೋದು ದಾಖಲೆಯಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಡಿಪ್ಲೊಮಾದಲ್ಲಿ ಇನ್ನೊಂದು ಥರ. ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಹಳೇ ಶಾಲೆಗೆ ಹೋದ್ರೆ ಅಲ್ಲಿ ಶಾಲೆಯೇ ಮುಚ್ಚಿರುತ್ತೆ, ಆಗ ಬಿಇಓ ಕಚೇರಿಗೆ ಅಲೆದಾಟ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯಾ ನೋಡ್ಕೊಳ್ಳಿ. ಡಿಪ್ಲೊಮಾ ಅಂಕಪಟ್ಟಿ ಆರೂ ಸೆಮಿಸ್ಟರಿಂದು ಕೈಯಲ್ಲಿದೆಯಾ? ಒಂದು ಕಳೆದಿದ್ರೂ ನಕಲು ಪ್ರತಿಗೆ ಈಗಲೇ ಅರ್ಜಿ ಹಾಕಿ, ಪ್ರಕಟಣೆ ಬಂದ್ಮೇಲೆ ಅಲ್ಲ.

ಸೆಕೆಂಡ್ ಶಿಫ್ಟ್
ಸಿ-20 ವಿಷಯ ಗೊತ್ತೇ ಇರಲಿಲ್ಲ. ಮೊನ್ನೆ ತಾನೇ ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿಟ್ಟಿದ್ದೆ.

ಹುಬ್ಬಳ್ಳಿ ಹೈದ
ಅದರ ಹಿಂದಿನ ಬದಿ ಖಾಲಿ ಐತಿ, ಲೆಕ್ಕ ಬಿಡಿಸಾಕ ಬರ್ತೈತಿ.

ಹಳೇ ಬೇರು
ಇಷ್ಟೆಲ್ಲ ಯಾಕೆ, ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನವರ ಎಎಂಐಇ ಪರೀಕ್ಷೆ ಕಟ್ಟಿ. ಮನೇಲಿ ಕೂತು ಓದಿ, ಸೆಕ್ಷನ್ ಎ, ಸೆಕ್ಷನ್ ಬಿ ಪಾಸ್ ಮಾಡಿದ್ರೆ ಬಿಇಗೆ ಸಮ.

ನಿಯಮ ನಾಗಣ್ಣ
ಹಳೇ ಬೇರು ಸರ್, ನಿಮ್ಮ ಕಾಲಕ್ಕೆ ಅದು ನಿಜ. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ 1920ರ ಸಂಸ್ಥೆ, ಎಎಂಐಇ ಮಾಡಿ ದೊಡ್ಡ ಹುದ್ದೆಗೆ ಹೋದವರು ಬೇಕಾದಷ್ಟು ಜನ. ಆದ್ರೆ ಕೇಂದ್ರದ ಆ ತತ್ಸಮಾನ ಮಾನ್ಯತೆ 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ ಮಾತ್ರ. ಈಗ ಕಟ್ಟಿದ್ರೆ ಜ್ಞಾನ ಬರುತ್ತೆ, ಬಾಗಿಲು ತೆಗೆಯಲ್ಲ.

ಅಂಚೆ-ತೆರಪಿನ ಬಿಟೆಕ್ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಒಡಿಶಾ ಲಿಫ್ಟ್ ಇರಿಗೇಷನ್ ಪ್ರಕರಣದಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಡಿಗ್ರಿಗಳ ಮೇಲೆ ತೀರ್ಪು ಕೊಡ್ತು. 2001ರಿಂದ 2005ರ ಒಳಗೆ ಸೇರಿದವರ ಡಿಗ್ರಿ ಅಮಾನತು, ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಮಂಡಳಿ) ನಡೆಸೋ ಪರೀಕ್ಷೆ ಪಾಸಾದ್ರೆ ಮಾತ್ರ ವಾಪಸ್. ಆಮೇಲೆ ಸೇರಿದವರದ್ದು ರದ್ದೇ. ಬಡ್ತಿ ತಗೊಂಡು ಹತ್ತು ವರ್ಷ ಆಗಿದ್ದವರೂ ಅದರಲ್ಲಿ ಸಿಕ್ಕಿಬಿದ್ರು.

ಸೆಕೆಂಡ್ ಶಿಫ್ಟ್
ಇದಕ್ಕೇ ಸೇರಿದ ಪ್ರಶ್ನೆ. ವಾರಕ್ಕೆ ಮೂರು ಕರೆ ಬರ್ತಿದೆ, "ಕ್ಲಾಸ್ ಇಲ್ಲ, ಒಂದೂವರೆ ವರ್ಷದಲ್ಲಿ ಬಿಟೆಕ್, ಯುಜಿಸಿ ಅಪ್ರೂವ್ಡ್" ಅಂತ.

ನಿಯಮ ನಾಗಣ್ಣ
ನಂಬರ್ ಬ್ಲಾಕ್ ಮಾಡಿ. ಒಂದೂವರೆ ವರ್ಷ ಅಂದ್ರೆ ದಾಖಲಾತಿಯನ್ನ ಹಿಂದಿನ ದಿನಾಂಕಕ್ಕೆ ತೋರಿಸ್ತಾರೆ ಅಂತ ಅರ್ಥ. ಆ ದಿನಾಂಕದಲ್ಲಿ ನೀವು ಪೀಣ್ಯದಲ್ಲಿ ಪಂಚಿಂಗ್ ಮಾಡಿರೋದು, ಪಿಎಫ್ ಕಟ್ಟಿರೋದು ಎಲ್ಲ ದಾಖಲೆಯಲ್ಲಿದೆ. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟ ಕೂಡಲೇ ಮುಗೀತು, ಡಿಗ್ರಿ ಜೊತೆ ಇರೋ ಕೆಲಸವೂ ಹೋಗುತ್ತೆ.

ನಿಜವಾದ ಕಾಲೇಜನ್ನೂ ಹೀಗೆ ಪರೀಕ್ಷೆ ಮಾಡಿ: ಎಐಸಿಟಿಇ ಕೊಡೋ ಅನುಮೋದನೆ ಪತ್ರ, ಇಓಎ ಅಂತಾರೆ, ಕಾಲೇಜಿನ ಜಾಲತಾಣದಲ್ಲಿ ಹಾಕಿರ್ತಾರೆ. ಅದರಲ್ಲಿ ಕೋರ್ಸ್ ಹೆಸರು, ಸೀಟಿನ ಸಂಖ್ಯೆ ಇರುತ್ತೆ. ನಿಮಗೆ ಬೇಕಾದ ಬ್ರ್ಯಾಂಚ್ ವರ್ಕಿಂಗ್ ಪ್ರೊಫೆಷನಲ್ ಅಂತಲೇ ಅದರಲ್ಲಿ ಇರಬೇಕು. ಹಗಲಿನ ಕೋರ್ಸಿನ ಅನುಮೋದನೆ ತೋರಿಸಿ ಸಂಜೆ ಸೀಟು ಮಾರೋರಿಗೆ ಅಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ.

ಸೈಟ್ ಮೇಡಂ
ವರ್ಕಿಂಗ್ ಪ್ರೊಫೆಷನಲ್ ಯೋಜನೆ ಅಂದ್ರೆ ಹಳೇ ಸಂಜೆ ಬಿಇ ಥರಾನೇನಾ?

ಕೌನ್ಸೆಲಿಂಗ್ ಕಟ್ಟೆ
ಉದ್ದೇಶ ಒಂದೇ, ಚೌಕಟ್ಟು ಬೇರೆ ಮೇಡಂ. ಹಳೇದು ಯುವಿಸಿಇಯಂಥ ಕಾಲೇಜುಗಳ ಸಂಜೆ ಪಾರ್ಟ್‌ಟೈಮ್ ಬಿಇ. ಎಐಸಿಟಿಇ 2023-24ರಲ್ಲಿ ಹೊಸದಾಗಿ ತಂದಿದ್ದು ಕೆಲಸ ಮಾಡೋರಿಗೇ ಬೇರೆ ಸಮಯದ ಬ್ಯಾಚ್. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು, ಕೆಲಸದ ಜಾಗ ಕಾಲೇಜಿನಿಂದ ಇಷ್ಟು ಕಿ.ಮೀ ಒಳಗೆ ಇರಬೇಕು. ಶುರುವಾದಾಗ 50 ಕಿ.ಮೀ ಇತ್ತು, ನೀವು ಸೇರೋ ವರ್ಷದ ಸಂಖ್ಯೆ ಎಷ್ಟು ಅಂತ ನೋಡ್ಕೊಳ್ಳಿ. ದೂರ ಅಳೆಯೋದು ನೀವು ಕೆಲಸ ಮಾಡೋ ಜಾಗದಿಂದ, ಮನೆಯಿಂದ ಅಲ್ಲ. ಕಂಪನಿಯ ನೋಂದಾಯಿತ ಕಚೇರಿ ಮುಂಬೈಯಲ್ಲಿ ಇದ್ರೆ ಅನುಭವ ಪತ್ರದಲ್ಲಿ ಪೀಣ್ಯ ಘಟಕದ ವಿಳಾಸ ಬರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ದಾಖಲೆ ಪರಿಶೀಲನೆಯಲ್ಲಿ ನಿಲ್ಲಿಸ್ತಾರೆ.

ಕೋಡು ಕುಟ್ಟಪ್ಪ
ಎಲ್ಲರೂ ಮೆಕ್ಯಾನಿಕಲ್ ಸುತ್ತಾನೇ ಗಿರಕಿ ಹೊಡೀತಿದ್ದೀರಲ್ಲ. ಸಿಎಸ್ ಮಾಡಿ ಗುರು. ಸಂಬಳ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಲೇತ್ ಮಾಸ್ಟರ್
ಸಂಬಳ ಇದೆ, ಇವರಿಗೆ ಕೊಡೋರು ಯಾರು ಅಂತ ಹೇಳಿ. 33ಕ್ಕೆ ಸೇರಿ 36ಕ್ಕೆ ಮುಗಿಸ್ತಾರೆ. ಕ್ಯಾಂಪಸ್‌ಗೆ ಗುಂಪುಗುಂಪಾಗಿ ತಗೊಳ್ಳೋಕೆ ಬರೋ ಬಹಳಷ್ಟು ಐಟಿ ಕಂಪನಿಗಳ ಮೊದಲ ಷರತ್ತೇ "ಎಸ್ಸೆಸ್ಸೆಲ್ಸಿಯಿಂದ ಎಲ್ಲದರಲ್ಲೂ 60 ಪರ್ಸೆಂಟ್, ಓದಿನ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಬಿಡುವು ಇರಬಾರದು" ಅನ್ನೋ ಥರದ್ದು. ಹದಿಮೂರು ವರ್ಷದ ಬಿಡುವಿಗೆ ಆ ಫಾರ್ಮ್ ಮುಂದಕ್ಕೇ ಹೋಗಲ್ಲ. ಕ್ಯಾಂಪಸ್ ಇಲ್ಲದ ಸಿಎಸ್ ಬಿಇಗೆ ಮೂರು ವರ್ಷದ ಸಂಬಳ ಬಿಡೋದು ದುಬಾರಿ ವ್ಯವಹಾರ.

ಕೋಡು ಕುಟ್ಟಪ್ಪ
ಕ್ಯಾಂಪಸ್ ಒಂದೇ ದಾರಿನಾ? ಪ್ರಾಜೆಕ್ಟ್ ತೋರಿಸಿ ಹೊರಗಿಂದ ಸೇರೋರಿಲ್ವಾ?

ಲೇತ್ ಮಾಸ್ಟರ್
ಪ್ರಾಜೆಕ್ಟ್ ತೋರಿಸಿ ಸೇರೋದಾದ್ರೆ ಬಿಇ ಯಾಕೆ? ನಿಮ್ಮ ವಾದವೇ ನಿಮ್ಮ ಕಾಲಿಗೆ ತೊಡರ್ತಿದೆ.

ಸೆಮಿಕೋಲನ್
ಇಬ್ಬರೂ ಅರ್ಧ ಸರಿ. ಲ್ಯಾಟರಲ್‌ನಲ್ಲಿ, ಅಂದ್ರೆ ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ, ಸಿಎಸ್‌ಗೆ ಹೋಗೋರಿಗೆ ನಿಜವಾದ ಹೊಡೆತ ಬೀಳೋದು ಮೂರನೇ ಸೆಮಿಸ್ಟರ್‌ನಲ್ಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್, ಅಂದ್ರೆ ಪಠ್ಯಕ್ರಮ, ತಗೊಂಡ್ರೆ ಆ ಒಂದೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡಿಜಿಟಲ್ ಡಿಸೈನ್ ಬರುತ್ತೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಸಿ ಭಾಷೆಯಲ್ಲಿ. ಸಿ ಕಲಿಸೋದು ಮೊದಲ ವರ್ಷದಲ್ಲಿ, ಅದೇ ವರ್ಷವನ್ನ ಲ್ಯಾಟರಲ್‌ನವರು ಹಾರಿಸಿಕೊಂಡು ಬಂದಿರ್ತಾರೆ. ಪಾಯಿಂಟರ್, ಸ್ಟ್ರಕ್ಚರ್, ಮ್ಯಾಲಕ್ ಈ ಮೂರು ಕೈಗೆ ಹತ್ತದೆ ಲಿಂಕ್ಡ್ ಲಿಸ್ಟ್ ಬರೆಯೋಕೆ ಕೂತ್ರೆ "ಸೆಗ್ಮೆಂಟೇಷನ್ ಫಾಲ್ಟ್" ಅಂತ ಪರದೆ ಮೇಲೆ ಬರೋದನ್ನ ನೋಡ್ತಾ ಸೆಮಿಸ್ಟರ್ ಕಳೆಯುತ್ತೆ.

ಈ ಚರ್ಚೆ ಓದ್ತಿರೋ ಬಿಎಸ್‌ಸಿ, ಬಿಸಿಎ, ಬಿಕಾಂ ಆದವರಿಗೆ ಒಂದು ಮಾತು: ಸಾಫ್ಟ್‌ವೇರ್ ಗುರಿ ಆದ್ರೆ ಮತ್ತೆ ಬಿಇ ಬೇಡ. ಎಂಸಿಎ 2020-21ರಿಂದ ಎರಡೇ ವರ್ಷ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ರೆ ಅದರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೀಬಹುದು. ನಾಲ್ಕು ವರ್ಷಕ್ಕೆ ಬದಲು ಎರಡು, ಅದೂ ಸ್ನಾತಕೋತ್ತರ.

ಸೆಕೆಂಡ್ ಶಿಫ್ಟ್
ಸಿಎಸ್ ಬಿಟ್ಟೆ. ಬಿಎಸ್ ಬಗ್ಗೆ ಯಾರಾದ್ರೂ?

ಸೆಮಿಕೋಲನ್
ಡೇಟಾ ಸೈನ್ಸ್ ಬಿಎಸ್ 2021ರಲ್ಲಿ ಶುರು, ಎಲೆಕ್ಟ್ರಾನಿಕ್ ಸಿಸ್ಟಮ್ಸ್ 2023ರಲ್ಲಿ. ಜೆಇಇ ಬೇಡ, ವಯಸ್ಸು ಕೇಳಲ್ಲ, ಮೂರು ವರ್ಷದ ಡಿಪ್ಲೊಮಾ ನಡೆಯುತ್ತೆ. ನಾಲ್ಕು ವಾರದ ಪಾಠ, ವಾರವಾರ ಅಸೈನ್‌ಮೆಂಟ್, ಆಮೇಲೆ ಅರ್ಹತಾ ಪರೀಕ್ಷೆ. ಡೇಟಾ ಸೈನ್ಸಿಗೆ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟೇಷನಲ್ ಥಿಂಕಿಂಗ್, ಇಂಗ್ಲಿಷ್. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಕೂತು ಬರೀಬೇಕು. ಎಲೆಕ್ಟ್ರಾನಿಕ್ ಸಿಸ್ಟಮ್ಸ್‌ಗೆ ಲ್ಯಾಬಿಗಾಗಿ ಚೆನ್ನೈಗೆ ಹೋಗಿ ಬರೋದೂ ಇದೆ, ರಜೆ ಲೆಕ್ಕ ಹಾಕ್ಕೊಳ್ಳಿ. ಡೇಟಾ ಸೈನ್ಸ್ ಪೂರ್ತಿ ಬಿಎಸ್‌ಗೆ 142 ಕ್ರೆಡಿಟ್, ಮಧ್ಯದಲ್ಲಿ ಡಿಪ್ಲೊಮಾ, ಬಿಎಸ್‌ಸಿ ತಗೊಂಡು ಹೊರಗೆ ಬರೋ ದಾರಿ ಇದೆ. ಗರಿಷ್ಠ ಎಂಟು ವರ್ಷ.

ಒಂದೇ ತಕರಾರು. ಅದು ಬಿಎಸ್, ಬಿಇ ಅಲ್ಲ, ಬಿಟೆಕ್ ಅಲ್ಲ. "ಬಿಇ ಅಥವಾ ಬಿಟೆಕ್ ಮೆಕ್ಯಾನಿಕಲ್" ಅಂತ ಬರೆದಿರೋ ಹುದ್ದೆಗೆ ಅದನ್ನ ಹಿಡ್ಕೊಂಡು ಹೋದ್ರೆ ಟೇಬಲ್ ದಾಟಲ್ಲ. ಓದಿನ ಮಟ್ಟದಲ್ಲಿ ಎಷ್ಟೋ ಬಿಇಗಳಿಗಿಂತ ಗಟ್ಟಿ, ಅದು ಬೇರೆ ಮಾತು.

ಸೈಟ್ ಮೇಡಂ
ಪಿಲಾನಿಯ ಬಿಟ್ಸ್‌ನವರ ವರ್ಕ್ ಇಂಟಿಗ್ರೇಟೆಡ್ ಬಿಟೆಕ್ ಮರೆತ್ರಾ? ವಾರಾಂತ್ಯದ ತರಗತಿ, ಡಿಪ್ಲೊಮಾದವರಿಗೇ ಇರೋದು. ಕಂಪನಿಯ ಒಪ್ಪಿಗೆ ಪತ್ರ, ಮೆಂಟರ್ ಬೇಕಾಗುತ್ತೆ. ಖಾಸಗಿ ಬಡ್ತಿಗೆ ಯೋಚಿಸಬಹುದು. ಸರ್ಕಾರಿ ಕಡೆಗಾದ್ರೆ ಲೇತ್ ಮಾಸ್ಟರ್ ಹೇಳಿದ ಹಾಗೆ ಅಧಿಸೂಚನೆಯ ಸಾಲಿಗೆ ಹೊಂದುತ್ತಾ ಅಂತ ಮೊದಲೇ ಬರಹದಲ್ಲಿ ಕೇಳಿ.

ಗಣಿತದ ಮೇಷ್ಟ್ರು
ಇಷ್ಟು ಹೊತ್ತು ಯಾರೂ ಹಾಜರಾತಿ ಲೆಕ್ಕ ಹಾಕಲಿಲ್ಲ. ಮೂರು ಕ್ರೆಡಿಟ್‌ನ ವಿಷಯ ಅಂದ್ರೆ ಸುಮಾರು 40 ಗಂಟೆ ಪಾಠ. ವಿಟಿಯುನಲ್ಲಿ 85 ಪರ್ಸೆಂಟ್ ಬೇಕು, ಅಂದ್ರೆ 34 ಗಂಟೆ. ಸರಿಯಾದ ಕಾರಣ ಇದ್ರೆ 75ರ ತನಕ ಮನ್ನಾ, ಅಂದ್ರೆ 30 ಗಂಟೆ. 16 ವಾರಕ್ಕೆ ಹಂಚಿದ್ರೆ ವಾರಕ್ಕೆ ಎರಡೂವರೆ ಗಂಟೆ. ನೀವು ಮೂರು ವಾರಕ್ಕೊಂದು ಸೆಕೆಂಡ್ ಶಿಫ್ಟ್ ಅಂದ್ರಿ. ಸೆಮಿಸ್ಟರ್‌ಗೆ ಐದು ವಾರ ಪೂರ್ತಿ ಹೋಯ್ತು, ಹನ್ನೆರಡೂವರೆ ಗಂಟೆ. ಉಳಿದಿದ್ದು 27 ಚಿಲ್ಲರೆ. ಜ್ವರ, ಮದುವೆ, ಆಡಿಟ್ ಏನೂ ಇಲ್ಲದೇ ನೀವು 69 ಪರ್ಸೆಂಟ್‌ಗೆ ಬಂದು ನಿಂತಿದ್ದೀರಿ. ಮನ್ನಾ ಮಾಡಿದ್ರೂ ಪರೀಕ್ಷೆಗೆ ಕೂರಿಸಲ್ಲ.

ಹಾಗಾಗಿ ಬ್ರ್ಯಾಂಚ್ ಆರಿಸೋಕೆ ಮುಂಚೆ ಶಿಫ್ಟ್ ಇತ್ಯರ್ಥ ಮಾಡಿ. ಮೂರು ವರ್ಷ ಜನರಲ್ ಶಿಫ್ಟ್, ಅಥವಾ ಸೆಕೆಂಡ್ ಶಿಫ್ಟ್‌ಗೆ ಬದಲು ನೈಟ್. ಅದು ಸಿಗಲ್ಲ ಅಂದ್ರೆ ಸಂಜೆ ಬಿಇ ಮಾತೇ ಬೇಡ, ವಾರಾಂತ್ಯದ್ದನ್ನೋ ಆನ್‌ಲೈನನ್ನೋ ನೋಡಿ.

ಸೆಕೆಂಡ್ ಶಿಫ್ಟ್
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಕೇಳ್ತೀನಿ. ಗಣಿತ ಎಷ್ಟು ಬೇಕು? ಇಂಟಿಗ್ರೇಷನ್ ನೋಡಿ ಹದಿಮೂರು ವರ್ಷ ಆಯ್ತು.

ಗಣಿತದ ಮೇಷ್ಟ್ರು
ಜನ ಫೇಲಾಗೋದು ಮೇಲಿನ ಗಣಿತದಲ್ಲಿ ಅಲ್ಲ, ಕೆಳಗಿನದ್ದರಲ್ಲಿ. ಲಾಪ್ಲಾಸ್ ಸೂತ್ರ ಬಾಯಿಪಾಠ ಇರುತ್ತೆ, ಪಾರ್ಷಿಯಲ್ ಫ್ರ್ಯಾಕ್ಷನ್ ಬಿಡಿಸೋವಾಗ ಚಿಹ್ನೆ ತಪ್ಪುತ್ತೆ. ಫೋರಿಯರ್ ಸರಣಿಯ ಹೆಜ್ಜೆ ಗೊತ್ತಿರುತ್ತೆ, ಇಂಟಿಗ್ರೇಷನ್ ಬೈ ಪಾರ್ಟ್ಸ್‌ನಲ್ಲಿ ಕೈ ನಡುಗುತ್ತೆ. ಮೊದಲ ತಿಂಗಳು ಭಿನ್ನರಾಶಿ, ಘಾತಾಂಕ, ಲಾಗ್, ತ್ರಿಕೋನಮಿತಿಯ ಸರ್ವಸಮೀಕರಣ, ವರ್ಗಸಮೀಕರಣ. ದಿನಕ್ಕೆ ಹತ್ತು ಲೆಕ್ಕ, ಕ್ಯಾಲ್ಕುಲೇಟರ್ ಮುಟ್ಟದೆ. ಎರಡನೇ ತಿಂಗಳು ಡಿಫರೆನ್ಷಿಯೇಷನ್, ಭಾಗಶಃ ಅವಕಲನ ಸೇರಿಸಿ. ಮೂರನೇ ತಿಂಗಳು ಇಂಟಿಗ್ರೇಷನ್, ಮೊದಲ ದರ್ಜೆಯ ಅವಕಲ ಸಮೀಕರಣ, ಮ್ಯಾಟ್ರಿಕ್ಸ್. ಲ್ಯಾಟರಲ್‌ನವರಿಗೆ 2018ರ ಸ್ಕೀಮ್‌ನಲ್ಲಿ "ಮ್ಯಾಟ್‌ಡಿಪ್" ಅಂತ ಹೆಚ್ಚುವರಿ ಗಣಿತ ಇತ್ತು, ಅಂಥದ್ದು ನಿಮ್ಮ ಸ್ಕೀಮ್‌ನಲ್ಲಿ ಇದೆಯಾ ಕೇಳ್ಕೊಳ್ಳಿ. ಕ್ರೆಡಿಟ್ ಇಲ್ಲ ಅಂತ ಅದನ್ನ ಕಡೆಗಣಿಸಿ ಕೊನೇ ಸೆಮಿಸ್ಟರ್‌ವರೆಗೆ ಎಳ್ಕೊಂಡು ಹೋದವರಿಗೆ ಡಿಗ್ರಿಯೇ ನಿಂತುಹೋಗುತ್ತೆ.

ಪಾಸಿನ ಲೆಕ್ಕವೂ ಗೊತ್ತಿರಲಿ. 2022ರ ಸ್ಕೀಮ್‌ನಲ್ಲಿ ಆಂತರಿಕ 50ಕ್ಕೆ 20, ಸೆಮಿಸ್ಟರ್ ಪರೀಕ್ಷೆ 50ಕ್ಕೆ 18, ಒಟ್ಟು 100ಕ್ಕೆ 40. ಎರಡರಲ್ಲೂ ಕನಿಷ್ಠ ಬಂತು ಅಂತ ಖುಷಿ ಪಟ್ರೆ ಒಟ್ಟು 38, ಫೇಲು. ಆಂತರಿಕದಲ್ಲಿ 22ರ ಮೇಲೆ ಇಟ್ಕೊಂಡ್ರೆ ಪರೀಕ್ಷೆಯಲ್ಲಿ ಆ 18 ಸಾಕು. ಪ್ರಶ್ನೆಪತ್ರಿಕೆ 100 ಅಂಕಕ್ಕೆ ಇರುತ್ತೆ, ಆಮೇಲೆ 50ಕ್ಕೆ ಇಳಿಸ್ತಾರೆ. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡರಲ್ಲಿ ಒಂದು ಪ್ರಶ್ನೆ. ಒಂದು ಮಾಡ್ಯೂಲ್ ಪೂರ್ತಿ ಬಿಟ್ರೆ 20 ಅಂಕ ಮೊದಲೇ ಕೈಬಿಟ್ಟ ಹಾಗೆ. ಸ್ವಾಯತ್ತ ಕಾಲೇಜಾದ್ರೆ ನಿಯಮ ಬೇರೆ ಇರಬಹುದು, ಅವರ ಕೈಪಿಡಿ ನೋಡಿ.

ಸ್ಟಾರ್ ಡೆಲ್ಟಾ
ಮೆಕ್ಯಾನಿಕಲ್ ಬದಲು ಎಲೆಕ್ಟ್ರಿಕಲ್ ಯಾಕೆ ನೋಡಬಾರದು? ಶಾಪ್‌ಫ್ಲೋರ್ ಪೂರ್ತಿ ಈಗ ಡ್ರೈವ್, ಸರ್ವೋ, ಪಿಎಲ್‌ಸಿ.

ಲೇತ್ ಮಾಸ್ಟರ್
ಹತ್ತು ವರ್ಷದ ಫಿಕ್ಸ್ಚರ್ ಕೈಗುಣವನ್ನ ಯಾಕೆ ಬದಿಗಿಡಬೇಕು?

ಸ್ಟಾರ್ ಡೆಲ್ಟಾ
ಬದಿಗಿಡಿ ಅಂದಿಲ್ಲ. ಯಾವ ಪ್ರಶ್ನೆ ಅವರನ್ನ ಎಳೆಯುತ್ತೆ ಅಂತ ನೋಡಿ ಅಂದೆ. ಒಂದು ಉದಾಹರಣೆ. ಹತ್ತು ಎಚ್‌ಪಿ ಮೋಟರ್‌ಗೆ 14 ಆಂಪಿಯರ್ ಅಂತ ಯಾವ ಎಲೆಕ್ಟ್ರಿಷಿಯನ್ ಕೇಳಿದ್ರೂ ಹೇಳ್ತಾರೆ. ಎಲ್ಲಿಂದ ಬಂತು? 7460 ವ್ಯಾಟ್. ಅದನ್ನ 1.732, 415 ವೋಲ್ಟ್, ಪವರ್ ಫ್ಯಾಕ್ಟರ್ 0.85, ದಕ್ಷತೆ 0.87 ಇವುಗಳ ಗುಣಲಬ್ಧದಿಂದ ಭಾಗಿಸಿ, 14 ಬರುತ್ತೆ. ಈಗ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದ್ರೆ ಮೋಟರ್ ನಿಲ್ಲಿಸೋದು) ವೈಂಡಿಂಗ್ ಸಾಲಲ್ಲಿ ಕೂತಿದ್ರೆ ಅದನ್ನ 14ಕ್ಕೆ ಇಡಬೇಕಾ? ಇಟ್ರೆ ಮೋಟರ್ ಸುಟ್ಟು ವಾಸನೆ ಬಂದ್ರೂ ಟ್ರಿಪ್ ಆಗಲ್ಲ. 14ನ್ನ 1.732ರಿಂದ ಭಾಗಿಸಿ 8.1ಕ್ಕೆ ಇಡಬೇಕು, ಡೆಲ್ಟಾದಲ್ಲಿ ವೈಂಡಿಂಗ್ ಒಳಗೆ ಹರಿಯೋದು ಅಷ್ಟೇ. ಇದನ್ನ ಓದಿ "ಯಾಕೆ 1.732" ಅಂತ ತಲೆಯಲ್ಲಿ ಹುಳ ಬಿಟ್ಟಂಗೆ ಆದ್ರೆ ಎಲೆಕ್ಟ್ರಿಕಲ್ ಹಿಡೀರಿ. ಸರಿ ಬಿಡು ಅನ್ನಿಸಿದ್ರೆ ಬೇಡ.

ಲೇತ್ ಮಾಸ್ಟರ್
ಒಳ್ಳೇ ಪರೀಕ್ಷೆ. ನಮ್ಮ ಕಡೆಯದೂ ಒಂದು ಇರಲಿ. ಫಿಕ್ಸ್ಚರ್ ಕ್ಲ್ಯಾಂಪಿಗೆ ಎಂ12 ಬೋಲ್ಟ್, ಟಾರ್ಕ್ ವ್ರೆಂಚ್‌ನಲ್ಲಿ 60 ನ್ಯೂಟನ್-ಮೀಟರ್. ಹಿಡಿತದ ಬಲ ಎಷ್ಟು? 60ನ್ನ ಘರ್ಷಣೆಯಿಂದ ಬರೋ ಅಂಕಿ 0.2 ಮತ್ತು ಬೋಲ್ಟಿನ ವ್ಯಾಸ 0.012 ಮೀಟರ್ ಇವುಗಳ ಗುಣಲಬ್ಧದಿಂದ ಭಾಗಿಸಿದ್ರೆ 25,000 ನ್ಯೂಟನ್, ಎರಡೂವರೆ ಟನ್ ತೂಕದ ಹಿಡಿತ. ಅದೇ ಬೋಲ್ಟಿಗೆ ಯಾರೋ ಎಣ್ಣೆ ಸವರಿದ್ರು, 0.2 ಇದ್ದದ್ದು 0.15 ಆಯ್ತು ಅನ್ನಿ. ವ್ರೆಂಚ್ ಅದೇ 60ಕ್ಕೆ ಟಕ್ ಅನ್ನುತ್ತೆ, ಹಿಡಿತ 33,000 ದಾಟಿರುತ್ತೆ. ತೆಳು ಗೋಡೆಯ ಅಲ್ಯೂಮಿನಿಯಂ ಬಿಡಿಭಾಗ ಕ್ಲ್ಯಾಂಪ್‌ನಲ್ಲಿ ಇದ್ದಾಗ ದುಂಡಗೆ, ಬಿಚ್ಚಿದ ಮೇಲೆ ಮೊಟ್ಟೆ ಆಕಾರ. ಆಪರೇಟರ್‌ಗೆ ಬೈಗುಳ, ತಪ್ಪು ಘರ್ಷಣೆಯದ್ದು. ಆ 0.2 ಎಲ್ಲಿಂದ ಬರುತ್ತೆ, ಥ್ರೆಡ್ ಕೋನ ಎಷ್ಟು, ತಲೆಯ ಕೆಳಗಿನ ಘರ್ಷಣೆ ಎಷ್ಟು, ಇದೇ ಮೆಷಿನ್ ಡಿಸೈನ್ ಪಾಠ. ಸೆಕೆಂಡ್ ಶಿಫ್ಟ್‌ನವರು ಇದನ್ನ ದಿನಾ ನೋಡ್ತಾರೆ, ಉತ್ತರ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಸೆಕೆಂಡ್ ಶಿಫ್ಟ್
ಮೊಟ್ಟೆ ಆಕಾರದ ವಿಷಯ ಎತ್ತಬೇಡಿ ಸರ್, ಈ ವಾರ ರಿಜೆಕ್ಷನ್ ಅದೇ. ಗೊತ್ತಾಯ್ತು, ಮೆಕ್ಯಾನಿಕಲ್ಲೇ.

ದಮ್ಮಾಮ್ ಕನ್ನಡಿಗ
ಗಲ್ಫ್ ಯೋಚನೆ ಇರೋರು ಓದ್ಕೊಳ್ಳಿ. ಸೌದಿಯಲ್ಲಿ ಇಂಜಿನಿಯರ್ ಅನ್ನೋ ಹುದ್ದೆಹೆಸರು ಬೇಕಾದ್ರೆ ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್‌ನಲ್ಲಿ ನೋಂದಣಿ ಆಗಬೇಕು, ಡಿಗ್ರಿಯನ್ನ ವಿಶ್ವವಿದ್ಯಾಲಯಕ್ಕೇ ಕೇಳಿ ತಾಳೆ ನೋಡ್ತಾರೆ. ಡಿಪ್ಲೊಮಾ ಇದ್ರೆ ಟೆಕ್ನಿಷಿಯನ್ ದರ್ಜೆ. ಕುವೈತ್ ಇನ್ನೂ ಬಿಗಿ, 2018ರಿಂದ ಭಾರತದ ಡಿಗ್ರಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಕೇಳ್ತಿದ್ದಾರೆ. ಎನ್‌ಬಿಎ ಕೊಡೋದು ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಇಂತಿಷ್ಟು ವರ್ಷಕ್ಕೆ. ಗೇಟ್ ಮೇಲೆ ದೊಡ್ಡ ಬೋರ್ಡ್ ಇದ್ರೂ ನಿಮ್ಮ ಬ್ರ್ಯಾಂಚಿಗೆ, ನಿಮ್ಮ ಬ್ಯಾಚಿಗೆ ಇತ್ತಾ ಅಂತ ನೋಡಬೇಕು. ಇಂಜಿನಿಯರಿಂಗ್ ಡಿಗ್ರಿಗಳನ್ನ ದೇಶಗಳು ಪರಸ್ಪರ ಒಪ್ಪೋ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಸೇರಿದೆ, ಆದ್ರೆ ಅದು ಅನ್ವಯ ಆಗೋದು ಎನ್‌ಬಿಎಯ ಟಿಯರ್-1 ದರ್ಜೆಯ ಮಾನ್ಯತೆ ಇರೋ ಕೋರ್ಸಿಗೆ ಮಾತ್ರ.

ಲೇತ್ ಮಾಸ್ಟರ್
ಅದಕ್ಕೇ ಮೊದಲೇ "ಯಾವ ಬಾಗಿಲು" ಅಂತ ಕೇಳಿದ್ದು.

ಬಡ್ಡಿ ಬಸಪ್ಪ
ಫೀಸಿನ ಮಾತೇ ಬರಲಿಲ್ಲ. ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳಲ್ಲ. 4 ಲಕ್ಷಕ್ಕೆ 10 ಪರ್ಸೆಂಟ್ ಬಡ್ಡಿ, 60 ಕಂತು ಅಂದ್ರೆ ತಿಂಗಳಿಗೆ ಸುಮಾರು 8,500. ಕೋರ್ಸ್ ನಡೆಯೋವಾಗ ಅಸಲು ಕಟ್ಟಬೇಕಿಲ್ಲ, ಆದ್ರೆ ಬಡ್ಡಿ ಮಲಗಿರಲ್ಲ. ಕೈಲಿ ಸಂಬಳ ಇರೋರು ತಿಂಗಳ ಬಡ್ಡಿಯನ್ನ ಆಗಾಗಲೇ ಕಟ್ಟಿ, ಕೆಲವು ಬ್ಯಾಂಕ್ ಅದಕ್ಕೆ ದರ ಇಳಿಸ್ತಾರೆ. ಶಿಕ್ಷಣ ಸಾಲದ ಆದಾಯ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಎಂಟು ವರ್ಷದವರೆಗೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಗೆ ಹೋದವರಿಗೆ ಸಿಗಲ್ಲ. ಸಾಲ ಕೇಳೋವಾಗ ಪರೀಕ್ಷಾ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ, ಲ್ಯಾಪ್‌ಟಾಪ್ ಎಲ್ಲ ಸೇರಿಸಿದ ಖರ್ಚಿನ ಪಟ್ಟಿಯನ್ನ ಕಾಲೇಜಿಂದ ಬರೆಸ್ಕೊಳ್ಳಿ, ಆಮೇಲೆ ಸೇರಿಸೋದು ಕಷ್ಟ.

ತಂಗಿ ತುಮಕೂರು
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮಣ್ಣ ಐಟಿಐ ಫಿಟ್ಟರ್, ಡಿಪ್ಲೊಮಾ ಇಲ್ಲ. ಅವನಿಗೆ ಬಿಇ ದಾರಿ ಇದೆಯಾ?

ಕೌನ್ಸೆಲಿಂಗ್ ಕಟ್ಟೆ
ಇದೆ ತಂಗಿ. ಎರಡು ವರ್ಷದ ಐಟಿಐ ಪಾಸಾಗಿದ್ರೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ಅಲ್ಲಿ ಎರಡು ವರ್ಷ, ಆಮೇಲೆ ಡಿಸಿಇಟಿ, ಬಿಇ ಮೂರು ವರ್ಷ, ಒಟ್ಟು ಐದು. ಪಾಲಿಟೆಕ್ನಿಕ್‌ನಲ್ಲಿ ಅವರಿಗೆ ಕಷ್ಟ ಆಗೋದು ಗಣಿತ, ಇಂಗ್ಲಿಷ್. ವರ್ಕ್‌ಶಾಪ್‌ನಲ್ಲಿ ಮಾತ್ರ ಅವರೇ ಉಳಿದವರಿಗೆ ಹೇಳಿಕೊಡೋ ಹಾಗಿರ್ತಾರೆ.

ಪಿಯುಸಿ ವಿಜ್ಞಾನ ಆಗಿ ನಿಂತವರಿಗೆ: ಜೆಇಇ ಮೇನ್‌ಗೆ ಪಿಯುಸಿ ಪಾಸಾದ ವರ್ಷದ ಮಿತಿ ಇದೆ, ಹಳಬರಿಗೆ ಆ ದಾರಿ ಮುಚ್ಚಿದೆ. ಕೆಸಿಇಟಿಗೆ ವಯೋಮಿತಿ ಇಲ್ಲ, ಆದ್ರೆ ರ‍್ಯಾಂಕಿಗೆ ಅರ್ಧ ಭಾಗ ಹಳೇ ಪಿಯುಸಿ ಅಂಕವೇ.

ಹುಬ್ಬಳ್ಳಿ ಹೈದ
ಎಲ್ಲಾ ಬೆಂಗ್ಳೂರಿನ ಮಾತೇ ಆತಲ್ರಿ. ನಮ್ಮ ಕಡೆ ಸಂಜಿ ಸೀಟು ಎಲ್ಲೈತಿ? ಗೋಕುಲ ರೋಡಿನ್ಯಾಗ ಫ್ಯಾಕ್ಟರಿ ಏನ್ ಕಮ್ಮಿ ಅದಾವೇನು?

ನಿಯಮ ನಾಗಣ್ಣ
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಾಲೇಜು ಅರ್ಜಿ ಹಾಕಿದ್ರೆ ತಾನೇ ಅನುಮೋದನೆ. ಹತ್ತಿಪ್ಪತ್ತು ಕಂಪನಿಯವರು ಸೇರಿ "ನಮ್ಮಲ್ಲಿ ಇಷ್ಟು ಜನ ಡಿಪ್ಲೊಮಾದವರಿದ್ದಾರೆ" ಅಂತ ಪ್ರಾಂಶುಪಾಲರಿಗೆ ಪಟ್ಟಿ ಕೊಟ್ರೆ ಕೆಲಸ ಆಗಬಹುದು. ಸರ್ಕಾರಿ ನೌಕರರಿಗೂ ಒಂದು ಎಚ್ಚರಿಕೆ: ಇಲಾಖೆಯ ಅನುಮತಿ ಪತ್ರ ಸೇರೋ ಮೊದಲೇ ತಗೊಳ್ಳಿ, ಮುಗಿದ ಮೇಲೆ ಸೇವಾ ಪುಸ್ತಕಕ್ಕೆ ಸೇರಿಸೋಕೆ ಅದೇ ಕೇಳ್ತಾರೆ.

ಕೋಡು ಕುಟ್ಟಪ್ಪ
ಪೀಣ್ಯದಿಂದ ಸಂಜೆ ಆರಕ್ಕೆ ಬಸವನಗುಡಿ ಕಡೆ ಹೋಗೋದು ಅಂದ್ರೆ ಎರಡನೇ ಡಿಗ್ರಿ ಮಾಡಿದ ಹಾಗೆ.

ಸೈಟ್ ಮೇಡಂ
ಹಸಿರು ಮೆಟ್ರೋ ಇದೆಯಲ್ಲ, ಪೀಣ್ಯದಲ್ಲಿ ಹತ್ತಿ ನ್ಯಾಷನಲ್ ಕಾಲೇಜ್‌ನಲ್ಲಿ ಇಳಿಯೋದು. ಬದಲಾಯಿಸೋ ಹಾಗೂ ಇಲ್ಲ.

ಕೋಡು ಕುಟ್ಟಪ್ಪ
ಮೆಜೆಸ್ಟಿಕ್‌ವರೆಗೆ ನಿಂತ್ಕೊಂಡು ಲಾಪ್ಲಾಸ್ ಓದಿ ತೋರಿಸಿ ಮೇಡಂ.

ಗಣಿತದ ಮೇಷ್ಟ್ರು
ಲಾಪ್ಲಾಸ್ ಬೇಡ, ಸೂತ್ರದ ಚೀಟಿ ಸಾಕು. ಸೆಮಿಸ್ಟರ್‌ಗೆ ಆರು ವಿಷಯ ಅಂದ್ರೆ 30 ಮಾಡ್ಯೂಲ್. 16 ವಾರಕ್ಕೆ ಹಂಚಿದ್ರೆ ವಾರಕ್ಕೆ ಎರಡು. ಸೂತ್ರ ರೈಲಲ್ಲಿ, ಲೆಕ್ಕ ಭಾನುವಾರ ಬೆಳಿಗ್ಗೆ ಟೇಬಲ್ ಮೇಲೆ.

ಸೈಟ್ ಮೇಡಂ
ಇನ್ನೊಂದು ಮರೆತಿದ್ದೀರಿ ಎಲ್ಲರೂ. 2022ರ ಸ್ಕೀಮ್‌ನ ಕೊನೇ ವರ್ಷದಲ್ಲಿ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ಇರೋ ಕೆಲಸವನ್ನೇ ಇಂಟರ್ನ್‌ಶಿಪ್ ಅಂತ ಒಪ್ಪುತ್ತೀರಾ, ಯಾವ ನಮೂನೆಯ ಪತ್ರ ಬೇಕು ಅಂತ ಸೇರೋ ದಿನವೇ ಕೇಳಿ. ಜೊತೆಗೆ ಆಕ್ಟಿವಿಟಿ ಪಾಯಿಂಟ್ (ಪಾಠದ ಹೊರಗಿನ ಸಮಾಜಸೇವೆಯಂಥ ಕೆಲಸಕ್ಕೆ ಕೊಡೋದು), ಲ್ಯಾಟರಲ್‌ನವರಿಗೆ 75. ಅದನ್ನ ಕೊನೇ ಸೆಮಿಸ್ಟರ್‌ಗೆ ಬಿಟ್ಟವರು ರಜಾ ದಿನ ಎಲ್ಲ ಗಿಡ ನೆಡ್ತಾ ಓಡಾಡ್ತಾರೆ. ಲ್ಯಾಟರಲ್‌ಗೆ ಗರಿಷ್ಠ ಅವಧಿ ಆರು ವರ್ಷ, ಬ್ಯಾಕ್‌ಲಾಗ್ ಎಳೆಯೋದಕ್ಕೂ ಒಂದು ಮಿತಿ ಇದೆ.

ಸೆಕೆಂಡ್ ಶಿಫ್ಟ್
ಮೂರು ದಿನ ಬಿಟ್ಟು ಬರೀತಿದ್ದೀನಿ. ಎಚ್‌ಆರ್ ಉತ್ತರ ಬಂತು: ವರ್ಕಿಂಗ್ ಪ್ರೊಫೆಷನಲ್ ಬಿಇ ಒಪ್ಪುತ್ತಾರೆ, ಬಿಎಸ್ ಒಪ್ಪಲ್ಲ. ಶಿಫ್ಟ್ ಬಗ್ಗೆ ಪ್ರೊಡಕ್ಷನ್ ಮ್ಯಾನೇಜರ್ ಸೆಕೆಂಡ್ ಬದಲು ನೈಟ್ ಕೊಡ್ತೀನಿ ಅಂದ್ರು, ಬರೆದು ಕೊಡಿ ಅಂದ್ರೆ ನಕ್ಕರು. ಎರಡು ಕಾಲೇಜಿನ ಇಓಎ ಇಳಿಸ್ಕೊಂಡೆ, ಒಂದರಲ್ಲಿ ಮೆಕ್ಯಾನಿಕಲ್ ವರ್ಕಿಂಗ್ ಪ್ರೊಫೆಷನಲ್ ಸೀಟು ಇದೆ, ಇನ್ನೊಂದರಲ್ಲಿ ಸಿಎಸ್ ಮಾತ್ರ. ನಾಲ್ಕನೇ ಸೆಮಿಸ್ಟರಿನ ಡಿಪ್ಲೊಮಾ ಅಂಕಪಟ್ಟಿ ಸಿಕ್ಕಿಲ್ಲ. ನಕಲು ಪ್ರತಿಗೆ ಓದಿದ ಪಾಲಿಟೆಕ್ನಿಕ್‌ಗೆ ಹೋಗಬೇಕಾ, ನೇರ ಬೋರ್ಡ್‌ಗಾ?

ಕೌನ್ಸೆಲಿಂಗ್ ಕಟ್ಟೆ
ಮೊದಲು ಪಾಲಿಟೆಕ್ನಿಕ್‌ಗೆ ಹೋಗಿ ವಿಚಾರಿಸಿ. ರಿಜಿಸ್ಟರ್ ನಂಬರ್, ಉಳಿದ ಐದು ಅಂಕಪಟ್ಟಿಯ ಜೆರಾಕ್ಸ್ ಜೊತೆಗಿರಲಿ. ಕಳೆದುಹೋಗಿದ್ದಕ್ಕೆ ಪೊಲೀಸ್ ದೂರಿನ ಪ್ರತಿ, ಅಫಿಡವಿಟ್ ಬೇಕಾ ಅಂತ ಅಲ್ಲೇ ಕೇಳಿ, ಎರಡು ಸಲ ಅಲೆಯೋದು ತಪ್ಪುತ್ತೆ. ಊಟದ ಹೊತ್ತಿಗೆ ಹೋಗಬೇಡಿ.

ಹುಬ್ಬಳ್ಳಿ ಹೈದ
ಮ್ಯಾನೇಜರ್ ನಕ್ಕಿದ್ದು ಯಾಕಂತ ತಿಳ್ಕೊಂಡು ಹೇಳ್ರಿ ಮತ್ತ. ಅದೂ ಲೆಕ್ಕದಾಗ ಬರ್ತೈತಿ.